ಬಾಯಿಗೆ ಕಟ್ಟಿದ ಟವೆಲ್

ಮಾನ್ವಿ
೧೪ ಜೂನ್ ೨೦೨೧

ವಿಠ್ಠಲ,

ಮೇ ಹನ್ನೊಂದರ ಮಂಗಳವಾರ, ಬೆಳಗ್ಗೆ ಹತ್ತೂವರೆಗೆ, ರಾಯಚೂರಿನ ನಿಮ್ಮ ಟ್ರಸ್ಟಿನ ಆಸ್ಪತ್ರೆಯ ಮುಂದಿನ ಗೇಟಿನಲ್ಲಿ ನನ್ನ ಅಕ್ಕ ಗೋಪಮ್ಮನನ್ನು ಲಾಠಿಯಿಂದ ಎರಡು ಸಲ ಹೊಡೆದರು. ಅರವತ್ತೆಂಟು ವರ್ಷದ ಹೆಂಗಸು. ಉಸಿರು ಸಿಗದೆ ತುಟಿ ನೀಲಿಗಟ್ಟಿತ್ತು. ಮುಖದ ಮೇಲೆ ಮಾಸ್ಕ್ ಇಲ್ಲ ಎಂಬುದು ಅವಳ ಅಪರಾಧ. ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ಕಿವಿಯ ಹಿಂದೆ. ಹತ್ತು ಐವತ್ತಕ್ಕೆ ಅವಳು ನಿಮ್ಮ ಗೇಟಿನ ಆಚೆ, ಮುಚ್ಚಿದ ಎಳನೀರಿನ ಬಂಡಿಯ ನೆರಳಲ್ಲಿ, ನನ್ನ ತೊಡೆಯ ಮೇಲೆ ಸತ್ತಳು.

ನೀನು ಮೊದಲ ಮಹಡಿಯ ಕಿಟಕಿಯಲ್ಲಿ ನಿಂತಿದ್ದೆ. ಗೇಟಿನ ನೇರ ಮೇಲಿನ ಕಿಟಕಿ, ಹಳದಿ ಪರದೆಯದು. ನಿನ್ನ ಮಾಸ್ಕ್ ಗದ್ದದ ಕೆಳಗೆ ಜೋತಿತ್ತು. ನಮ್ಮಿಬ್ಬರ ನಡುವೆ ಮಾತು ನಿಂತು ನಲವತ್ತಾರು ವರ್ಷವಾದರೂ, ಅರಕೇರಾ ಶಾಲೆಯಲ್ಲಿ ಏಳು ವರ್ಷ ಒಟ್ಟಿಗೆ ಓದಿದವನ ಮುಖ ನನಗೆ ತಪ್ಪುವುದಿಲ್ಲ.

ಆ ಟ್ರಸ್ಟಿಗೆ ನೀನು ಅಧ್ಯಕ್ಷ. ಆಸ್ಪತ್ರೆ ನಡೆಸುವವನು ನಿನ್ನ ಮಗ ವಿಶ್ವೇಶ. ಎರಡು ದಿನದ ಮೇಲೆ ಅವನ ಹೇಳಿಕೆ ಪತ್ರಿಕೆಯಲ್ಲಿ ಬಂತು. ಸೋಂಕಿತ ಮಹಿಳೆ ದಾರಿಯಲ್ಲೇ ತೀರಿಕೊಂಡಿದ್ದರಂತೆ. ಕಾವಲುಗಾರ ಅವಳನ್ನು ಮುಟ್ಟಲೇ ಇಲ್ಲವಂತೆ. ಮಾಸ್ಕ್ ಹಾಕಲು ಒಪ್ಪದ ಸಂಬಂಧಿಕರು ಕಾರಣವಿಲ್ಲದೆ ಸಿಬ್ಬಂದಿಯ ಮೇಲೆ ಬಿದ್ದರಂತೆ. ಗೇಟಿನ ಕ್ಯಾಮೆರಾ ಅಂದು ಕೆಟ್ಟಿತ್ತಂತೆ. ಮೂವತ್ತೊಂದು ವರ್ಷ ಮಕ್ಕಳಿಗೆ ಇತಿಹಾಸ ಪಾಠ ಮಾಡಿದವನು ನಾನು. ಸುಳ್ಳು ಬರೆಯುವವರು ಮೊದಲು ಸತ್ತ ಹೊತ್ತನ್ನು ಬದಲಿಸುತ್ತಾರೆ ಎಂದು ಬಲ್ಲೆ.

ನನ್ನ ಮಗ ಗೌತಮ ಬೈಕಿನಲ್ಲಿ ಹಿಂದಿನಿಂದ ಬಂದ. ಅವನು ಗೇಟು ಮುಟ್ಟುವಷ್ಟರಲ್ಲಿ ಅವಳು ನೆಲಕ್ಕೆ ಬಿದ್ದಾಗಿತ್ತು, ಕಿವಿಯಿಂದ ರಕ್ತ ಇಳಿಯುತ್ತಿತ್ತು. ಅವನು ಕಾವಲುಗಾರನ ಕೈಯಿಂದ ಲಾಠಿ ಕಿತ್ತುಕೊಂಡು ಅವನ ಮುಂಗೈ ಮುರಿದ. ಒಳಗೆ ನುಗ್ಗಿ ಕೌಂಟರಿನ ಗಾಜು ಒಡೆದ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವನು ಹೊಡೆದದ್ದು ಆಮೇಲೆ. ಅರಕೇರಾ ಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವನು ಲ್ಯಾಬ್ ಟೆಕ್ನಿಷಿಯನ್. ಹದಿನಾಲ್ಕು ತಿಂಗಳು ಊರೂರು ಅಲೆದು ಜನರ ಗಂಟಲಿಗೆ ಕಡ್ಡಿ ಹಾಕಿ ಮಾದರಿ ತೆಗೆದವನು. ಆರೋಗ್ಯ ಸಿಬ್ಬಂದಿಯನ್ನು ಕಾಯಲು ಮಾಡಿದ ಕಾಯ್ದೆಯಡಿ ಇವತ್ತು ಅವನೇ ಜೈಲಿನಲ್ಲಿದ್ದಾನೆ. ಜಾಮೀನು ಒಂದು ಸಲ ತಿರಸ್ಕಾರವಾಗಿದೆ, ನೌಕರಿಯಿಂದ ಅಮಾನತೂ ಆಗಿದೆ.

ನಿನ್ನ ಫೋನಿಗೆ ಹನ್ನೆರಡು ಸಲ ಮಾಡಿದೆ. ಎತ್ತಲಿಲ್ಲ. ಅದಕ್ಕೇ ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ, ಸಹಿ ಹಾಕಿ ತೆಗೆದುಕೋ. ಕೇಳುವುದು ಇಷ್ಟು: ಕಿಟಕಿಯಿಂದ ಕಂಡದ್ದನ್ನು ಪೊಲೀಸರ ಮುಂದೆ ಹೇಳು. ಮೊದಲು ಯಾರು ಯಾರನ್ನು ಹೊಡೆದರು ಎಂದು ಹೇಳು.

ಗೋಪಮ್ಮನ ತಮ್ಮ,
ಹಂಪಯ್ಯ


ರಾಯಚೂರು
೨೬ ಜೂನ್ ೨೦೨೧

ಶ್ರೀ ಹಂಪಯ್ಯನವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ತಮ್ಮ ಸೋದರಿಯವರ ನಿಧನಕ್ಕೆ ಸಂತಾಪ ಸೂಚಿಸುತ್ತೇನೆ.

ಆ ದಿನಗಳ ಪರಿಸ್ಥಿತಿ ತಮಗೆ ತಿಳಿಯದ್ದೇನಲ್ಲ. ನಮ್ಮಲ್ಲಿ ಇದ್ದದ್ದು ನಲವತ್ತು ಹಾಸಿಗೆ. ಗೇಟಿನಲ್ಲಿ ದಿನಕ್ಕೆ ಇನ್ನೂರು ಜನ. ಎರಡೇ ವಾರದಲ್ಲಿ ಇಬ್ಬರು ದಾದಿಯರನ್ನೂ ಒಬ್ಬ ವಾರ್ಡ್ ಬಾಯನ್ನೂ ಕಳೆದುಕೊಂಡೆವು. ಅವರಿಗೂ ಅಕ್ಕತಂಗಿಯರಿದ್ದಾರೆ. 'ಮಾಸ್ಕ್ ಇಲ್ಲದವರಿಗೆ ಪ್ರವೇಶವಿಲ್ಲ' ಎಂಬ ಫಲಕವನ್ನು ಬರೆಸಿದವನು ನಾನೇ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ರೋಗಕ್ಕೆ ಜಾತಿ ಇಲ್ಲ. ನಮ್ಮ ನಿಯಮಕ್ಕೂ ಇರಲಿಲ್ಲ. ಯಾರೇ ಬರಲಿ, ಅದೇ ನಿಯಮ.

ತಾವು ಕಿಟಕಿಯಲ್ಲಿ ನನ್ನನ್ನು ಕಂಡಿರಬಹುದು, ಬೇರೆ ಯಾರನ್ನೋ ಕಂಡಿರಬಹುದು. ಅಂದು ಆಸ್ಪತ್ರೆಗೆ ಬಂದಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ. ನೆನಪಿಲ್ಲದ್ದನ್ನು ಪೊಲೀಸರ ಮುಂದೆ ಹೇಳಲಾರೆ.

ತಮ್ಮ ಮಗನ ವಿಷಯವಾಗಿ ವಿಶ್ವೇಶನೊಡನೆ ಮಾತಾಡಿದ್ದೇನೆ. ಮಾಸ್ಕ್ ಹಾಕಲು ನಿರಾಕರಿಸಿದ್ದು ತಪ್ಪು, ಹಲ್ಲೆ ನಡೆಸಿದ್ದೂ ತಪ್ಪು ಎಂದು ತಾವು ಒಂದು ಕ್ಷಮಾಪಣೆ ಪತ್ರ ಬರೆದುಕೊಟ್ಟರೆ, ಆಸ್ಪತ್ರೆಯ ಕಡೆಯಿಂದ ಜಾಮೀನಿಗೆ ತಕರಾರು ಇರುವುದಿಲ್ಲ. ತಮ್ಮ ವಯಸ್ಸಿನ ದೃಷ್ಟಿಯಿಂದ ಇದೇ ಒಳ್ಳೆಯದು. ಗೋಪಮ್ಮನವರಿಗೆ ಮೊದಲಿನಿಂದಲೂ ಹಟ ಸ್ವಲ್ಪ ಹೆಚ್ಚು.

ತಮ್ಮ ವಿಶ್ವಾಸಿ,
ವಿಠ್ಠಲ


ಅರಕೇರಾ
೯ ಜುಲೈ ೨೦೨೧

ವಿಠ್ಠಲ,

'ತಾವು' ಎಂದು ಬರೆದಿದ್ದೀ. ಇರಲಿ. ನಾನು 'ನೀನು' ಎಂದೇ ಬರೆಯುತ್ತೇನೆ.

ಅಂದು ಆಸ್ಪತ್ರೆಗೆ ಬಂದಿದ್ದು ನೆನಪಿಲ್ಲ, ಆದರೆ ಗೋಪಮ್ಮನ ಹಟ ಮೊದಲಿನಿಂದ ನೆನಪಿದೆ. ಆ ಒಂದು ಸಾಲು ಓದಿದ ಮೇಲೆ ಮಾನ್ವಿಯಲ್ಲಿ ಕೂರಲಾಗಲಿಲ್ಲ. ಅವಳ ಮನೆಗೆ ಬಂದಿದ್ದೇನೆ. ಅವಳ ಹಟ ಎಲ್ಲಿಂದ ಬಂತೆಂದು ನಿನಗೆ ನೆನಪಿಸಬೇಕಾಗಿದೆ.

೧೯೭೫ರ ಮೇ ತಿಂಗಳು. ನಿಮ್ಮಪ್ಪ ಇಲ್ಲಿ ಶಾಲೆಯ ಮಾಸ್ತರರು, ನಾವಿಬ್ಬರೂ ರಾಯಚೂರಿನ ಕಾಲೇಜಿನಿಂದ ರಜೆಗೆ ಬಂದಿದ್ದೆವು. ಆಗ ನಮ್ಮ ಕೇರಿಯ ಗಂಡಸರು ಗೌಡರ ಮುಂದೆ ಮಾತಾಡಬೇಕಾದರೆ ಹೆಗಲ ಮೇಲಿನ ಟವೆಲ್ ತೆಗೆದು ಬಾಯಿಗೆ ಅಡ್ಡ ಹಿಡಿಯಬೇಕಿತ್ತು. ನಮ್ಮ ಉಸಿರು ಅವರಿಗೆ ತಾಗಬಾರದು. ಹಾಸ್ಟೆಲ್ಲಿನಲ್ಲಿ ನಾಲ್ಕು ಪುಸ್ತಕ ಓದಿದ ನಾನು ಅಪ್ಪನಿಗೆ ಹೇಳಿದೆ: "ಯಪ್ಪಾ, ಈ ಸಲ ಬಾಯಿ ಮುಚ್ಕೋಬ್ಯಾಡ. ನಮ್ಮ ಉಸುರೂ ಅವರ ಉಸುರೂ ಒಂದ ಗಾಳಿ." ಅಪ್ಪ ನಕ್ಕ. ಆದರೂ ಬಾವಿ ನೀರಿನ ಮಾತು ಕೇಳಲು ಚಾವಡಿಗೆ ಹೋದವನು ಟವೆಲನ್ನು ಹೆಗಲಲ್ಲೇ ಬಿಟ್ಟ.

ಚಾವಡಿಯ ಕಂಬಕ್ಕೆ ಕಟ್ಟಿ ಎತ್ತಿಗೆ ಹೊಡೆಯುವ ಬಾರುಕೋಲಿನಿಂದ ಹೊಡೆದರು. ಬೆನ್ನಿನ ಚರ್ಮ ಬಾಳೆಯ ಸಿಪ್ಪೆಯಂತೆ ಎದ್ದಿತ್ತು. ಅವನು ಕೂಗಿಕೊಂಡಾಗ ಅದೇ ಟವೆಲನ್ನು ಕೋಲಿನ ತುದಿಯಿಂದ ಒತ್ತಿ ಒತ್ತಿ ಬಾಯಿಗೆ ತುರುಕಿದರು. ಅಲ್ಲಿದ್ದ ಮೂವತ್ತು ಜನರನ್ನು ಸರಿಸಿಕೊಂಡು ಓಡಿಬಂದವಳು ಗೋಪಮ್ಮ ಒಬ್ಬಳೇ. ಬಾರುಕೋಲು ಅವಳ ತೋಳಿಗೂ ಬಿತ್ತು. ಬಿಡಲಿಲ್ಲ. ಟವೆಲನ್ನು ಜಗ್ಗಿ ತೆಗೆದಳು. ಅದರ ಜೊತೆ ಅಪ್ಪನ ಎರಡು ಹಲ್ಲು ಬಂದವು.

ನೀನು ಎದುರಿನ ಶಾಲೆಯ ಕಟ್ಟೆಯ ಮೇಲಿದ್ದೆ. ಮೂರನೆಯ ದಿನ ದೇವದುರ್ಗದಿಂದ ಪೊಲೀಸ್ ಫೌಜದಾರ ಬಂದ. ಕೇರಿಯ ಜನರ ಮಾತನ್ನು ಯಾರೂ ಬರೆದುಕೊಳ್ಳುವುದಿಲ್ಲ, ಮಾಸ್ತರರ ಮಗನ ಮಾತಾದರೆ ಬರೆದುಕೊಳ್ಳುತ್ತಾರೆ ಎಂದು ನಾವೆಲ್ಲ ನಿನ್ನ ಮುಖ ನೋಡಿದೆವು. "ನಾ ಓದ್ಕೋತ ಕೂತಿದ್ದೆರೀ, ಏನೂ ನೋಡಿಲ್ಲ" ಎಂದೆ. ಕಾಗದ ಮಡಚಿಕೊಂಡು ಫೌಜದಾರ ಹೋದ. ದವಡೆ ಮುರಿದ ಅಪ್ಪ ಮತ್ತೆ ಹನ್ನೊಂದು ವರ್ಷ ಅಂಬಲಿ ಕುಡಿದು ಬದುಕಿದ. ಅವನ ಮಾತು ನಮ್ಮ ಮನೆಯವರಿಗೆ ಮಾತ್ರ ತಿಳಿಯುತ್ತಿತ್ತು.

ಅಂದು ಆ ರಕ್ತದ ಟವೆಲನ್ನು ಒಲೆಗೆ ಹಾಕಿ ಗೋಪಮ್ಮ ಹೇಳಿದಳು: "ಇವತ್ತಿಗಿ ಮುಗೀತು. ಇನ್ನ ನಮ್ಮ ಮನ್ಯಾಗ ಯಾರೂ ಬಾಯಿಗಿ ಬಟ್ಟಿ ಕಟ್ಟಂಗಿಲ್ಲ. ಸತ್ರೂ ಕಟ್ಟಂಗಿಲ್ಲ."

ನಲವತ್ತೈದು ವರ್ಷದ ಮೇಲೆ ಮಾಸ್ಕ್ ಬಂತು. ಕೇರಿಯಲ್ಲಿ ಅದೊಂದು ತಮಾಷೆಯಾಗಿತ್ತು. ಬಾಗಿಲ ಹಿಂದೆ ಮೊಳೆಗೆ ಮನೆಗೊಂದು ಮಾಸ್ಕ್ ನೇತುಹಾಕಿ, ಹೊರಗೆ ಹೋಗುವವರು ಅದನ್ನೇ ಹಾಕಿಕೊಂಡು ಹೋಗುತ್ತಿದ್ದರು. ಗಂಡ ಸಂತೆಯಿಂದ ಬಂದ ಮೇಲೆ ಹೆಂಡತಿ ಕೂಲಿಗೆ. ಪೊಲೀಸರ ಜೀಪು ಕಂಡರೆ ಮೂಗಿಗೆ, ಹೋದರೆ ಗದ್ದಕ್ಕೆ. ಗೌತಮ ಇಡೀ ಓಣಿಗೆ ಬೈದು ಬೈದು ಸೋತ. ಅತ್ತೆ ಗೋಪಮ್ಮನಿಗೆ ಅವನು ಕೊಟ್ಟ ಹತ್ತು ಮಾಸ್ಕಿನಲ್ಲಿ ಅವಳು ಹೀರೆ ಬೀಜ, ಅವರೆ ಬೀಜ ತುಂಬಿ ಜಂತಿಗೆ ಕಟ್ಟಿದ್ದಳು. ಈಗಲೂ ನನ್ನ ತಲೆಯ ಮೇಲೆ ತೂಗುತ್ತಿವೆ.

"ಅತ್ತಿ, ಇದು ಗೌಡ ಕಟ್ಟಸೋದಲ್ಲ. ನಾನೂ ಹಾಕ್ಕೊಂಡೀನಿ ನೋಡು" ಎಂದ ಅವನು.

"ಹಾಕ್ಕೋಪಾ, ನಿನಗ ಪಗಾರ ಬರ್ತದ. ನನ್ನ ಬಾಯಿ ಬಿಡಸಾಕ ನಮ್ಮಪ್ಪನ ಎರಡು ಹಲ್ಲ ಹೋಗ್ಯಾವ."

"ಬ್ಯಾನಿ ಬಂದ್ರ ಏನ್ ಮಾಡ್ತಿ?"

"ನಿನ್ನ ದವಾಖಾನಿಗಿ ಬರ್ತೀನಿ. ಬಾಯಿ ಮುಚ್ಚಿದ್ರ ಗುಳಿಗಿ ಎಲ್ಲಿ ಹಾಕ್ತೀಲೇ ನೀನು, ಕಿವ್ಯಾಗ?"

ಅವಳು ಮಾಡಿದ್ದು ತಪ್ಪೇ. ಗಾಳಿಯಲ್ಲಿ ಹರಡುವ ರೋಗಕ್ಕೆ ಅವಳ ಹಳೆಯ ಗಾಯ ಗೊತ್ತಿಲ್ಲ. ಬೈಯಬಹುದಿತ್ತು. ಗೇಟಿನ ಹೊರಗೆ ಕೂರಿಸಿ ಅಲ್ಲಿಗೇ ಒಂದು ಆಕ್ಸಿಜನ್ ಸಿಲಿಂಡರ್ ತರಬಹುದಿತ್ತು. ಇದರಲ್ಲಿ ಲಾಠಿ ಎಲ್ಲಿಂದ ಬಂತು, ಅದನ್ನು ಹೇಳು.

ಕ್ಷಮಾಪಣೆ ಪತ್ರ ಬರೆಯುವುದಿಲ್ಲ. ನಿನಗೆ ಎರಡನೆಯ ಸಲ ಅವಕಾಶ ಬಂದಿದೆ. ಎಲ್ಲರಿಗೂ ಬರುವುದಿಲ್ಲ.

ಹಂಪಯ್ಯ


ರಾಯಚೂರು ಜೈಲು
೨೨ ಜುಲೈ ೨೦೨೧

ಅಪ್ಪ,

ಆರೋಗ್ಯವಾಗಿದ್ದೇನೆ. ಎರಡನೆಯ ಸಲವೂ ಜಾಮೀನು ಸಿಗಲಿಲ್ಲ ಎಂದು ವಕೀಲರು ಹೇಳಿದರು. ಅವ್ವನಿಗೆ ನಿಧಾನವಾಗಿ ಹೇಳು.

ಇಲ್ಲಿ ನನಗೆ ಮಾಸ್ಕ್ ಹೊಲಿಯುವ ಕೆಲಸ ಕೊಟ್ಟಿದ್ದಾರೆ. ನಗಬೇಡ. ಬುರ್ಹಾನುದ್ದೀನ್ ಚಾಚಾ ಎಂಬ ಹಳೆಯ ದರ್ಜಿ ಹೊಲಿಗೆ ಕಲಿಸಿದ್ದಾರೆ, ದಿನಕ್ಕೆ ಅರವತ್ತು ಹೊಲಿಯುತ್ತೇನೆ. ಹೊಲಿಯುವಾಗ ಆ ಕಾವಲುಗಾರನ ಕೈ ನೆನಪಾಗುತ್ತದೆ. ಒಣಗಿದ ತೊಗರಿ ಕಟ್ಟಿಗೆ ಮುರಿದ ಹಾಗೆ ಸಪ್ಪಳ ಬಂತು. ಆ ಸಪ್ಪಳ ಕೇಳಿ ನನಗೆ ಖುಷಿಯಾಯಿತು ಅಪ್ಪ. ಇನ್ನೊಂದು ಕೈಯನ್ನೂ ಮುರಿಯಬೇಕು ಅನ್ನಿಸಿತು. ವರ್ಷಗಟ್ಟಲೆ ರೋಗಿಗಳ ಕೈ ಹಿಡಿದು ರಕ್ತ ತೆಗೆದವನು ನಾನು. ಇದನ್ನು ನಿನಗಲ್ಲದೆ ಯಾರಿಗೂ ಹೇಳಿಲ್ಲ.

ಈಗ ಒಂದು ಮಾತು ಕೇಳಬೇಕು. ಜಪ್ತಿ ಮಾಡಿದ ವಸ್ತುಗಳ ಪಟ್ಟಿಯಲ್ಲಿ ಒಂದು ನೀಲಿ ಅಂಚಿನ ಟವೆಲ್ ಇದೆ. ಅದು ನನ್ನದು, ಅದನ್ನು ಕಾವಲುಗಾರನ ಕುತ್ತಿಗೆಗೆ ಸುತ್ತಿ ಕೊಲ್ಲಲು ನೋಡಿದೆ ಎಂದು ಬರೆದಿದ್ದಾರೆ. ಜಾಮೀನು ಸಿಗದಿರಲು ಅದೇ ಮುಖ್ಯ ಕಾರಣ. ನಾನು ಟವೆಲ್ ಹಾಕುವವನಲ್ಲ. ಆ ಟವೆಲ್ ನಿನ್ನದು. ಅಂದು ಬೆಳಗ್ಗೆ ಅರಕೇರಾದಲ್ಲಿ ನಿನ್ನ ಹೆಗಲ ಮೇಲಿತ್ತು.

ಅದು ಗೇಟಿನಲ್ಲಿ ನೆಲಕ್ಕೆ ಹೇಗೆ ಬಿತ್ತು? ಎರಡು ತಿಂಗಳಾದರೂ ವಕೀಲರಿಗೆ ನೀನು ಯಾಕೆ ಹೇಳಿಲ್ಲ?

ನಿನ್ನ ಮಗ,
ಗೌತಮ


ಮಾನ್ವಿ
೫ ಆಗಸ್ಟ್ ೨೦೨೧

ವಿಠ್ಠಲ,

ನನ್ನ ಎರಡನೆಯ ಪತ್ರಕ್ಕೆ ನಿನ್ನಿಂದ ಉತ್ತರವಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಮೊದಲ ಪತ್ರದಲ್ಲಿ ನಾನೂ ಒಂದು ಸಂಗತಿ ಮುಚ್ಚಿಟ್ಟಿದ್ದೆ. ನನ್ನ ಮಗ ಕೇಳಿದ ಮೇಲೆ ಅವನ ಎದುರು ತಲೆ ಎತ್ತಲಾಗಲಿಲ್ಲ.

ಅಂದು ಎರಡು ಕಡೆ ಹಾಸಿಗೆ ಇಲ್ಲ ಎನ್ನಿಸಿಕೊಂಡು ಟಂಟಂ ಆಟೋದಲ್ಲಿ ನಿಮ್ಮಲ್ಲಿಗೆ ಬಂದೆವು. ಅವಳಿಗೆಂದು ತಂದ ಮಾಸ್ಕನ್ನು ಗಬ್ಬೂರಿನ ಹತ್ತಿರವೇ ಹೊರಗೆ ಎಸೆದಿದ್ದಳು. ಗೇಟಿನಲ್ಲಿ ಕಾವಲುಗಾರ, "ಮಾಸ್ಕ್ ಇಲ್ಲಂದ್ರ ಬಟ್ಟಿನರ ಕಟ್ರೀ ಯಪ್ಪಾ, ಒಳಗ ಬಿಡ್ತೀನಿ" ಎಂದ. ನಾನು ನನ್ನ ಹೆಗಲ ಟವೆಲ್ ತೆಗೆದೆ. "ಯಕ್ಕಾ, ಒಂದ ಗಳಿಗಿ" ಎಂದೆ. ಅವಳು ತಲೆ ಅಲ್ಲಾಡಿಸಿದಳು. ನಾನು ಹಿಂದಿನಿಂದ ಅವಳನ್ನು ಎದೆಗೆ ಒತ್ತಿ ಹಿಡಿದು, ಬಾಯಿಗೆ ಟವೆಲ್ ಬಿಗಿದು, ಹಿಂದೆ ಗಂಟು ಹಾಕಿದೆ. ಕೆಲಸ ಮಾಡಿ ಮಾಡಿ ಗಟ್ಟಿಯಾದ ಅವಳ ಕೈಗಳನ್ನು ನನ್ನ ಮೊಣಕೈಯಿಂದ ಅದುಮಿಟ್ಟಿದ್ದೆ. ಅಪ್ಪನ ಬಾಯಿಂದ ಟವೆಲ್ ಕಿತ್ತವಳ ಬಾಯಿಗೆ ನಾನು ಟವೆಲ್ ಕಟ್ಟಿದೆ.

ಗೇಟು ಒಂದು ಮೊಳ ತೆರೆಯಿತು. ಅಷ್ಟರಲ್ಲಿ ಅವಳು ಎಲ್ಲಿತ್ತೋ ಆ ಶಕ್ತಿ, ಕೈ ಬಿಡಿಸಿಕೊಂಡು ಟವೆಲ್ ಕಿತ್ತು ನೆಲಕ್ಕೆ ಎಸೆದಳು. ಏಟು ಬಿತ್ತು. ಸಾಯುವಾಗಲೂ ಅವಳು ತನ್ನ ಮಾತು ಉಳಿಸಿಕೊಂಡಳು, ನಾನು ಮುರಿದೆ. ಸುಮಾರು ಮೂರು ತಿಂಗಳು ಇದನ್ನು ನಾನು ಯಾರಿಗೂ ಹೇಳಲಿಲ್ಲ. ನಿನ್ನ ಬಾಯಿ ಬಿಡಿಸಲು ಹೊರಟವನು, ನನ್ನ ಮಗ ಜೈಲಿನಲ್ಲಿರುವಾಗ ನನ್ನ ಬಾಯಿ ಮುಚ್ಚಿಕೊಂಡು ಕೂತಿದ್ದೆ. ನಿನ್ನೆ ವಕೀಲರ ಮುಂದೆ ಎಲ್ಲ ಬರೆದುಕೊಟ್ಟು ಸಹಿ ಹಾಕಿದ್ದೇನೆ.

ಇನ್ನೊಂದು ಸಂಗತಿ. ಮೊನ್ನೆ ಭಾನುವಾರ ಆ ಕಾವಲುಗಾರ ನಮ್ಮ ಮನೆಗೆ ಬಂದಿದ್ದ. ಹೆಸರು ಶಿವರಾಜ, ಇಲ್ಲೇ ಕುರ್ಡಿಯವನು. ಬಲಗೈ ಇನ್ನೂ ಸೊಟ್ಟಗಿದೆ. ಕೆಲಸಕ್ಕೆ ಬಾರದ ಕೈಯವನೆಂದು ನಿಮ್ಮವರು ಅವನನ್ನು ತೆಗೆದುಹಾಕಿದ್ದಾರೆ.

ಬಾಗಿಲಲ್ಲಿ ಅವನ ಗುರುತು ಹತ್ತಿದ ಕೂಡಲೇ ನನ್ನ ಹೆಂಡತಿ ಯಂಕಮ್ಮ ಖಾರ ಕುಟ್ಟುವ ಒನಕೆ ಎತ್ತಿಕೊಂಡು ಹೋದಳು. "ಬಾರೋ ಹಾಟ್ಯಾ, ಇನ್ನೊಂದು ಕೈ ಕೊಡು. ನನ್ನ ಮಗ ಅರ್ಧಕ್ಕ ಬಿಟ್ಟಾನ."

ಅವನು ಓಡಲಿಲ್ಲ. ಕಟ್ಟೆಯ ಕೆಳಗೇ ಕೂತ. "ಹೊಡೀರಿ ಯವ್ವಾ. ಹೊಡದಮ್ಯಾಲ ನನ್ನ ಒಂದ ಮಾತು ಕೇಳ್ರಿ."

ಒನಕೆ ಅವನ ಹೆಗಲಿಗೆ ಬಿತ್ತು. ಎರಡನೆಯದನ್ನು ನಾನು ತಡೆದೆ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ: "ಮೊದಲಿನ ಏಟು ನಂದರೀ ಮಾಸ್ತರ್ರ. ಬಟ್ಟಿ ಕಿತ್ತು ಒಗದಳಲ್ಲ ಅಂತ ಸಿಟ್ಟು ಬಂತು, ಹೊಡದೆ. ಹೊಡದು ಲಾಠಿ ಕೆಳಗ ಇಳಿಸಿದ್ದೆ. ಆವಾಗ ಮ್ಯಾಗಿಂದ ಕೂಗು ಬಂತ್ರಿ, 'ಏನ್ ನೋಡ್ತೀಲೇ, ಹೊಡದು ಹೊರಗ ಹಾಕು' ಅಂತ. ಎರಡನೇದು ಆ ಮಾತಿಗಿ ಬಿತ್ತು."

"ಯಾರ ಕೂಗು?" ಎಂದೆ.

"ನಾ ತಲಿ ಎತ್ತಿ ನೋಡಿಲ್ಲರೀ. ಮ್ಯಾಗಿನವರ ಮಾತು ಅಂದ್ರ ಮುಖಾ ನೋಡಿ ಕೇಳತೀವೇನ್ರಿ?"

"ನೀರು ಕುಡದು ಹೊಂಡು. ಇನ್ನೊಮ್ಮಿ ಈ ಓಣ್ಯಾಗ ಕಾಣಬ್ಯಾಡ" ಎಂದಳು ಯಂಕಮ್ಮ. ಅವನು ನೀರನ್ನೂ ಕುಡಿಯಲಿಲ್ಲ.

ನಾನು ಆಗ ಅವಳ ತಲೆ ಹಿಡಿದು ಬಗ್ಗಿದ್ದೆ, ಕೂಗು ಕೇಳಿಸಿತ್ತು, ಯಾರದೆಂದು ತಿಳಿಯಲಿಲ್ಲ. ಮೇಲೆ ನೋಡಿದಾಗ ಕಿಟಕಿಯಲ್ಲಿದ್ದವನು ನೀನೊಬ್ಬನೇ. ಅದು ಯಾರ ದನಿ, ವಿಠ್ಠಲ?

ಹಂಪಯ್ಯ


ರಾಯಚೂರು
೨೧ ಆಗಸ್ಟ್ ೨೦೨೧

ಹಂಪಯ್ಯ,

ನಿನ್ನ ಪತ್ರವನ್ನು ಹದಿನಾಲ್ಕು ದಿನದಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ.

ದನಿ ನನ್ನದು.

ಇನ್ನು ಎಲ್ಲಿಂದ ಶುರುಮಾಡಲಿ? ನಮ್ಮವ್ವ ಕಾವೇರಿಬಾಯಿ ನಿನಗೆ ಗೊತ್ತು. ಎಂಬತ್ತೊಂಬತ್ತು ವರ್ಷ. ಈಗಲೂ ಮಡಿ ಬಿಟ್ಟಿಲ್ಲ. ಒಗೆದು ಒಣಗಿಸಿದ, ಬೇರೆ ಯಾರೂ ಮುಟ್ಟದ ಸೀರೆಯನ್ನಲ್ಲದೆ ಮತ್ತೊಂದನ್ನು ಮೈಗೆ ತಾಗಿಸುವುದಿಲ್ಲ. ಮಾಸ್ಕ್ ಬಂದ ದಿನದಿಂದ ಅವಳ ತಕರಾರು ಒಂದೇ: "ಯಾರ‍್ಯಾರೋ ಮುಟ್ಟಿ ಹೊಲದ ಚಿಂದಿ ಅದು. ಬಾಯಿಗಿ ಕಟ್ಕೊಂಡ್ರ ನನ್ನ ಮಡಿ ಉಳೀತದೇನಪಾ?" ಹದಿನಾಲ್ಕು ತಿಂಗಳು ಒಂದು ದಿನವೂ ಹಾಕಲಿಲ್ಲ. ಮೇ ಹತ್ತರಂದು ಸ್ವಲ್ಪ ಜ್ವರ ಬಂತು. ಯಾವುದಕ್ಕೂ ಇರಲಿ ಎಂದು ವಿಶ್ವೇಶ ಮೊದಲ ಮಹಡಿಯಲ್ಲಿ ಆಕ್ಸಿಜನ್ ಇರುವ ಒಂದು ಹಾಸಿಗೆಯನ್ನು ಬೇರೆ ಹೆಸರಿನಲ್ಲಿ ಹಿಡಿದಿಟ್ಟ.

ಹನ್ನೊಂದರ ಬೆಳಗ್ಗೆ ಹತ್ತಕ್ಕೆ ಹಿಂದಿನ ಗೇಟಿನಿಂದ ಅವಳನ್ನು ಕರೆತಂದೆವು. ಮುಖದ ಮೇಲೆ ಏನೂ ಇರಲಿಲ್ಲ. ಅಲ್ಲಿದ್ದ ಕಾವಲುಗಾರ ಕೈಮುಗಿದು, "ಬರ‍್ರಿ ಅಮ್ಮಾರ, ಹಂಗ ಬರ‍್ರಿ" ಎಂದ. ನಾನು ಬರೆಸಿದ ಫಲಕ ಆ ಗೇಟಿನಲ್ಲೂ ಇತ್ತು. ಅದರ ಕೆಳಗೇ ನಡೆದು ಹೋದೆವು.

ಹಾಸಿಗೆಯ ಮೇಲೆ ಅವಳು ಮಲಗಲಿಲ್ಲ. ಎಷ್ಟು ಹೆಣ ಮಲಗಿದ ಹಾಸಿಗೆಯೋ, ಮೈಲಿಗೆ ಎಂದಳು. ಮನೆಯಿಂದ ಮಣೆ ತರಿಸಿ ಪಕ್ಕದಲ್ಲಿ ಕೂತಳು. ಮೂರು ದಿನ ಮಣೆಯ ಮೇಲೆ ಕೂತು ಜಪ ಮಾಡಿ, ಜ್ವರ ಬಿಟ್ಟ ಮೇಲೆ ಮನೆಗೆ ಬಂದಳು. ಆ ಹಾಸಿಗೆಯ ಚಾದರ ಮುದುಡಲಿಲ್ಲ. ಆಕ್ಸಿಜನ್ನಿನ ನಲ್ಲಿಯನ್ನು ಯಾರೂ ತಿರುಗಿಸಲಿಲ್ಲ.

ಕಿಟಕಿಗೆ ಬಂದಾಗ ಗ್ಲಾನಿಯಿಂದ ಜೋತ ಒಬ್ಬ ಹೆಂಗಸನ್ನೂ ಅವಳ ಹಿಂದೆ ನಿನ್ನನ್ನೂ ಕಂಡೆ. ಈಗ ನಾನು ಹೇಳುವುದನ್ನು ನೀನು ತಿಳಿಯಲೇಬೇಕು. ಗೋಪಮ್ಮ ಟವೆಲ್ ಕಿತ್ತದ್ದು ಹಳೆಯ ಮಾತಿಗಾಗಿ ಅಲ್ಲ. ನೀನು ಹಿಂದಿದ್ದೆ, ಅವಳ ಮುಖ ನಿನಗೆ ಕಾಣಲಿಲ್ಲ. ನನಗೆ ಕಂಡಿತು. ಅವಳು ತಲೆ ಎತ್ತಿದಳು, ನನ್ನನ್ನು ನೋಡಿದಳು, ನನ್ನ ಗುರುತು ಹಿಡಿದಳು. ಬಾಯಿಯ ಮೇಲಿನ ಬಟ್ಟೆ ಜಗ್ಗಿ ತೆಗೆದು ನನ್ನನ್ನು ಕರೆದಳು. ದನಿ ಬರಲಿಲ್ಲ. ತುಟಿ ಕಂಡಿತು. "ವಿಟ್ಟೂ" ಎಂದಳು. ಅರಕೇರಾದಲ್ಲಿ ನಮ್ಮ ಮನೆಯವರಿಗೆ ಕಾಣದಂತೆ ಜೋಳದ ರೊಟ್ಟಿ, ಪುಂಡಿಪಲ್ಯ ಕೊಡುತ್ತಿದ್ದಾಗ ಅವಳು ನನ್ನನ್ನು ಹಾಗೆ ಕರೆಯುತ್ತಿದ್ದಳು. ಬೇರೆ ಯಾರೂ ಹಾಗೆ ಕರೆದಿಲ್ಲ.

ಆಗಲೇ ಮೊದಲ ಏಟು ಬಿತ್ತು. ಅವಳು ನನ್ನಿಂದ ಕಣ್ಣು ತೆಗೆಯಲಿಲ್ಲ. ಮತ್ತೆ ಬಾಯಿ ತೆರೆದಳು. ಈ ಸಲ ದನಿ ಬಂದುಬಿಟ್ಟರೆ ನಾನು ಕೆಳಗೆ ಇಳಿಯಬೇಕಾಗುತ್ತದೆ, ಆ ಹಾಸಿಗೆ ಕೊಡಬೇಕಾಗುತ್ತದೆ ಅನ್ನಿಸಿತು. ಹಿಂದೆ ಅವ್ವ, "ಯಾರದಪಾ ಅದು ಗದ್ದಲ?" ಎಂದಳು. ನಾನು ಕೂಗಿದೆ. ಕೂಗಿದ ಮೇಲೆ ಪರದೆ ಎಳೆದೆ.

ನಿನಗೆ ಇದು ತಿಳಿದಿರಲಿ ಎಂದಷ್ಟೇ ಬರೆದೆ. ಓದಿ ಸುಟ್ಟುಬಿಡು. ಹಾಸಿಗೆಯ ಸಂಗತಿ ಹೊರಗೆ ಬಂದರೆ ವಿಶ್ವೇಶ ಜೈಲಿಗೆ ಹೋಗುತ್ತಾನೆ, ಅವನಿಗೂ ಸಣ್ಣ ಮಕ್ಕಳಿದ್ದಾರೆ. ನೀನು ಇದನ್ನು ಕೋರ್ಟಿಗೆ ಕೊಟ್ಟರೆ, ಅಕ್ಷರ ನನ್ನದಲ್ಲ ಎಂದು ಹೇಳಬೇಕಾಗುತ್ತದೆ. ನನ್ನನ್ನು ಆ ಸ್ಥಿತಿಗೆ ತರಬೇಡ.

ವಿಠ್ಠಲ


ಮಾನ್ವಿ
೨ ಸೆಪ್ಟೆಂಬರ್ ೨೦೨೧

ವಿಠ್ಠಲ,

ಸುಡಲಿಲ್ಲ. ಮೂಲ ಪತ್ರ ನಮ್ಮ ವಕೀಲರಾದ ಲಲಿತಾ ಅವರ ಕೈಯಲ್ಲಿದೆ. ಇದರ ಜೊತೆ ಇರುವುದು ಜೆರಾಕ್ಸ್. ಅಕ್ಷರ ದೊಡ್ಡದು ಮಾಡಿಸಿದ್ದೇನೆ, ನಿಂತುಕೊಂಡು ಓದುವಾಗ ಕಷ್ಟವಾಗಬಾರದು.

ಅವಳು ನಿನ್ನನ್ನು ಕರೆದಳು ಎಂಬ ಸಾಲಿಗೆ ಬಂದಾಗ ಪತ್ರ ಕೆಳಗಿಟ್ಟು ಹಿತ್ತಲಿಗೆ ಹೋದೆ. ಮೂರು ತಿಂಗಳಿಂದ ನಾನು ಅವಳನ್ನು ಹಳೆಯ ಮಾತಿಗೆ ಸತ್ತವಳೆಂದು ತಿಳಿದು, ಅದರಲ್ಲೇ ಒಂದಿಷ್ಟು ಹೆಮ್ಮೆಪಟ್ಟುಕೊಂಡಿದ್ದೆ. ಅವಳಿಗೆ ಆ ಹೊತ್ತಿನಲ್ಲಿ ಹಟವೇ ಇರಲಿಲ್ಲ. ಗುರುತಿನವನೊಬ್ಬ ಕಂಡ, ಉಳಿದೆ ಅಂದುಕೊಂಡಳು. ನಾನು ಬಿಗಿದ ಗಂಟಿಗೆ ಇದ್ದ ಉಸಿರೂ ಹೋಗಿ ಅವಳ ದನಿ ನಿನಗೆ ಮುಟ್ಟಲಿಲ್ಲ. ಗಂಟು ಬಿಚ್ಚಿದ ಮೇಲೆ ನೀನು ಹೊಡೆಸಿದೆ.

ಯಂಕಮ್ಮನಿಗೆ ಇಡೀ ಪತ್ರ ಓದಿ ಹೇಳಿದೆ. ಹಾಸಿಗೆಯ ಪಕ್ಕ ಮಣೆ ಹಾಕಿಸಿಕೊಂಡ ಮಾತು ಬಂದಾಗ, "ನಿಲ್ಲು, ಇನ್ನೊಮ್ಮಿ ಓದು" ಎಂದಳು. ಓದಿದೆ. "ಮತ್ತೊಮ್ಮಿ" ಎಂದಳು. ನಾಲ್ಕು ಸಲ ಓದಿದೆ. ಆಮೇಲೆ ಅವಳು ಒನಕೆ ತೆಗೆದುಕೊಂಡು ಕತ್ತಲಾಗುವವರೆಗೆ ಖಾರ ಕುಟ್ಟಿದಳು. ಓಣಿಯೆಲ್ಲ ಕೆಮ್ಮಿತು.

ವಿಶ್ವೇಶನ ಮಕ್ಕಳ ಮಾತು ಹೇಳಿದ್ದೀ. ಗೌತಮ ಒಳಗೆ ಹೋಗಿ ನೂರಹದಿನೈದು ದಿನ. ಶಿವರಾಜನ ಕೈ ಇನ್ನು ನೆಟ್ಟಗಾಗುವುದಿಲ್ಲ. ಒಂದೇ ಕೂಗಿಗೆ ಒಬ್ಬಳು ಸತ್ತಳು, ಇಬ್ಬರು ಗಂಡುಮಕ್ಕಳು ಹಾಳಾದರು, ಮೂವರೂ ನಮ್ಮಂಥವರೇ. ನೀವು ಅಪ್ಪಮಗ ಅದೇ ಫಲಕದ ಕೆಳಗೆ ಇವತ್ತೂ ನಡೆದು ಒಳಗೆ ಹೋಗುತ್ತೀರಿ.

ಅಕ್ಷರ ನಿನ್ನದಲ್ಲ ಎನ್ನುವೆಯಾದರೆ ಅನ್ನು. ಆದರೆ ಅದನ್ನು ನಾಲ್ಕು ಗೋಡೆಯ ನಡುವೆ ಕೋರ್ಟಿನಲ್ಲಿ ಅನ್ನುವ ಮೊದಲು ಗೇಟಿನಲ್ಲಿ ಅನ್ನಬೇಕು. ಇದೇ ಹನ್ನೊಂದು, ಶನಿವಾರ, ಗೋಪಮ್ಮ ಸತ್ತು ನಾಲ್ಕು ತಿಂಗಳು. ಬೆಳಗ್ಗೆ ಹತ್ತೂವರೆಗೆ ನಾನು ನಿಮ್ಮ ಮುಂದಿನ ಗೇಟಿನಲ್ಲಿರುತ್ತೇನೆ. ಅರಕೇರಾದಿಂದ ಎರಡು ಗಾಡಿ ಜನ ಬರುತ್ತಾರೆ. ಶಿವರಾಜ ಬರುತ್ತೇನೆ ಎಂದಿದ್ದಾನೆ, ಯಂಕಮ್ಮ ಬರಲಿ ಎಂದಿದ್ದಾಳೆ. ಪತ್ರಿಕೆಯವರಿಗೂ ಪೊಲೀಸರಿಗೂ ಬರೆದಿದ್ದೇನೆ. ಯಾರೂ ಕಲ್ಲು ಎತ್ತುವುದಿಲ್ಲ. ಎತ್ತಿದವನ ಕೈಯನ್ನು ನಾನೇ ಹಿಡಿಯುತ್ತೇನೆ.

ಮೊದಲು ನಾನು ಮಾತಾಡುತ್ತೇನೆ. ನನ್ನ ಅಕ್ಕನ ಬಾಯಿಗೆ ಟವೆಲ್ ಕಟ್ಟಿದವನು ನಾನು ಎಂದು ಅವಳ ಊರಿನವರ ಮುಂದೆ ಹೇಳುತ್ತೇನೆ. ಆಮೇಲೆ ನಿನ್ನ ಸರದಿ.

ಮಾಸ್ಕ್ ಹಾಕಿಕೊಂಡೇ ಬಾ. ರೋಗ ಇನ್ನೂ ಹೋಗಿಲ್ಲ. ನಾವೆಲ್ಲರೂ ಹಾಕಿರುತ್ತೇವೆ, ಗೌತಮ ಜೈಲಿನಲ್ಲಿ ಹೊಲಿದವು ಬಂದಿವೆ. ಇದೇ ಲಕೋಟೆಯಲ್ಲಿ ನಿನಗೂ ಒಂದು ಇಟ್ಟಿದ್ದೇನೆ. ಮಾಸ್ಕಿನ ಒಳಗಿಂದ ಆಡಿದರೂ ಮಾತು ಕೇಳುತ್ತದೆ. ಗಟ್ಟಿಯಾಗಿ ಆಡಬೇಕು. ಮೊದಲ ಮಹಡಿಯಿಂದ ಕೂಗಿದವನಿಗೆ ಅದು ಕಷ್ಟವಲ್ಲ.

ಚಾವಡಿಯ ಮುಂದೆ ಫೌಜದಾರ ಕೇಳಿದಾಗ ನೀನು ಹುಡುಗ. ನಿಮ್ಮಪ್ಪನ ನೌಕರಿಯ ಹೆದರಿಕೆ ಇತ್ತು. ಆ ಕಾರಣವನ್ನು ನಾನು ನಲವತ್ತಾರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇನ್ನು ಹೇಳಿಕೊಳ್ಳುವುದಿಲ್ಲ. ನಿನ್ನಿಂದ ನನಗೆ ಮತ್ತೆ ಪತ್ರ ಬೇಡ. ಗೇಟಿಗೆ ಬಂದು, ಜನರ ಮುಂದೆ ಹೇಳು: ಮೇ ಹನ್ನೊಂದರ ಬೆಳಗ್ಗೆ ಹತ್ತೂವರೆಗೆ ನಿಮ್ಮ ಮೊದಲ ಮಹಡಿಯಲ್ಲಿ ಹಾಸಿಗೆ ಖಾಲಿ ಇತ್ತೋ ಇಲ್ಲವೋ? ನಿನ್ನ ತಾಯಿ ಮಾಸ್ಕ್ ಇಲ್ಲದೆ ಒಳಗೆ ಬಂದಳೋ ಇಲ್ಲವೋ? ಗೋಪಮ್ಮ ನಿನ್ನ ಹೆಸರು ಹಿಡಿದು ಕರೆದಳೋ ಇಲ್ಲವೋ?

ಹಂಪಯ್ಯ